ಇನ್ನೂರಾ ಹದಿಮೂರನೇ ನಂಬರಿನ ಆಟಗಾರ

2025ರ ನವೆಂಬರ್ 1ರಂದು, ಸರಿಯಾಗಿ ರಾಜ್ಯೋತ್ಸವದ ದಿನ, ಕೊಡಗಿನ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದರು. ಮರುದಿನ ಎಲ್ಲ ಕಡೆ ಬಂದದ್ದು ಹೆಚ್ಚುಕಡಿಮೆ ಒಂದೇ ಕಥೆ. 2024ರ ಜನವರಿಯಲ್ಲಿ, ನಲವತ್ಮೂರನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಜಗತ್ತಿನ ನಂಬರ್ ಒನ್ ಆದರು, ಅಷ್ಟು ವಯಸ್ಸಿನಲ್ಲಿ ಆ ಪಟ್ಟಕ್ಕೇರಿದವರು ಬೇರೆ ಯಾರೂ ಇರಲಿಲ್ಲ, ಪದ್ಮಶ್ರೀಯೂ ಬಂತು. ಎಲ್ಲವೂ ನಿಜ, ಎಲ್ಲವೂ ಸಂತೋಷದ್ದೇ. ಆದರೆ ನನಗೆ ಮೊದಲಿನಿಂದಲೂ ಕುತೂಹಲ ಇದ್ದದ್ದು ಈ ಕಥೆಯ ಇನ್ನೊಂದು ತುದಿಯ ಬಗ್ಗೆ. ಗೆದ್ದ ಮೇಲಿನದಲ್ಲ, ಗೆಲ್ಲುವುದಕ್ಕೆ ಮುಂಚಿನದು. ಅದನ್ನು ಇಲ್ಲಿ ಬರೆದಿಡೋಣ ಅನಿಸಿತು.

ಎಂ.ಕೆ. ಹುಬ್ಬಳ್ಳಿಯವನಿಗೆ ಟೆನಿಸ್ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಮಲಪ್ರಭೆಯ ದಂಡೆ, ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪ, ಸಕ್ಕರೆ ಕಾರ್ಖಾನೆ, ಮಧ್ಯೆ ಹಾದುಹೋಗುವ ಪುಣೆ-ಬೆಂಗಳೂರು ಹೈವೇ, ಇವಿಷ್ಟು ನಮ್ಮೂರಿನ ಗುರುತು. ಆಟ ಅಂದರೆ ಕಬಡ್ಡಿ, ಖೋಖೋ, ಕುಸ್ತಿ, ಸಂಜೆಗೆ ಕ್ರಿಕೆಟ್ಟು. ಟೆನಿಸ್ ಅಂದರೆ ಟೀವಿಯಲ್ಲಿ ಬಿಳಿ ಬಟ್ಟೆಯವರು ಆಡುವುದು, ಅಷ್ಟೇ. ಆದ್ದರಿಂದಲೇ ನನಗೆ ಈ ಮನುಷ್ಯನ ಮೊದಲ ವರ್ಷಗಳು ಮುಖ್ಯ. ದೊಡ್ಡ ಪಟ್ಟಣದಿಂದ ದೂರದ ಒಂದು ಮನೆಯ ಹುಡುಗ ಆ ಆಟದ ಒಳಗೆ ಹೊಕ್ಕದ್ದಾದರೂ ಹೇಗೆ?

ರೋಹನ್ ಮಚ್ಚಂಡ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗಿನಲ್ಲಿ ಹುಡುಗರ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್ಕು. 1997ರಿಂದ ಕೊಡವ ಕುಟುಂಬಗಳು ಒಂದೊಂದು ತಂಡ ಕಟ್ಟಿಕೊಂಡು ಹಾಕಿ ಹಬ್ಬವನ್ನೇ ನಡೆಸುತ್ತ ಬಂದಿರುವ ನಾಡು ಅದು. ಈ ಹುಡುಗನಿಗೂ ಹಾಕಿ, ಫುಟ್‌ಬಾಲ್ ಇಷ್ಟವೇ ಇತ್ತು. ಆದರೆ ಮಗ ಒಬ್ಬನೇ ಆಡುವ ಆಟವೊಂದನ್ನು ಕಲಿಯಲಿ ಎಂಬುದು ತಂದೆಯ ಆಸೆ. ಹಾಗಾಗಿ ಹನ್ನೊಂದನೇ ವಯಸ್ಸಿಗೆ ಕೈಗೆ ರ‍್ಯಾಕೆಟ್ ಬಂತು.

ಹನ್ನೊಂದು ಅನ್ನುವುದು ಟೆನಿಸ್‌ನಲ್ಲಿ ತಡವೇ. ನಾಲ್ಕೈದು ವರ್ಷಕ್ಕೇ ಶುರು ಮಾಡಿದವರು ಅಷ್ಟೊತ್ತಿಗೆ ಟೂರ್ನಿಗಳನ್ನು ಆಡುತ್ತಿರುತ್ತಾರೆ. ವಿದಾಯದ ಮಾತಿನಲ್ಲಿ ಬೋಪಣ್ಣ ಆ ದಿನಗಳನ್ನೇ ನೆನೆದರು. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆದದ್ದು, ದಮ್ಮು ಬರಲಿ ಅಂತ ಕಾಫಿ ತೋಟದ ನಡುವೆ ಓಡಿದ್ದು, ಬಿರುಕು ಬಿಟ್ಟ ಕೋರ್ಟಿನಲ್ಲಿ ಆಡಿದ್ದು. ಸೌದೆ ಒಡೆಯುವುದು ನಮಗೂ ಗೊತ್ತು, ಓಡುವುದೂ ಗೊತ್ತು. ಇಲ್ಲದ್ದು ಆ ಬಿರುಕು ಬಿಟ್ಟ ಕೋರ್ಟು! ಕೊಡಗಿನಲ್ಲಿ ತೋಟದವರ ಕ್ಲಬ್ಬುಗಳಿದ್ದವು, ಕ್ಲಬ್ಬು ಇದ್ದಲ್ಲಿ ಕೋರ್ಟು ಇತ್ತು. ಇಂಥ ಕಥೆ ಹೇಳುವಾಗ ನಾವು ಸೌದೆಯನ್ನು ನೆನಪಿಟ್ಟುಕೊಂಡು ಕೋರ್ಟನ್ನು ಮರೆತುಬಿಡುತ್ತೇವೆ.

ಹೆಚ್ಚಿನ ತರಬೇತಿಗೆ ಊರು ಬಿಡಲೇಬೇಕಾಯಿತು. ಬೆಂಗಳೂರಿನ ಜೈನ್ ಕಾಲೇಜಿನಲ್ಲಿ ಓದು. ಹತ್ತೊಂಬತ್ತರ ಹೊತ್ತಿಗೆ, ಇನ್ನು ಟೆನಿಸ್ಸೇ ಮುಂದಿನ ದಾರಿ ಎಂಬ ತೀರ್ಮಾನ. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಡೇವಿಸ್ ಕಪ್ ಪಂದ್ಯಕ್ಕೆ ಭಾರತ ತಂಡದಲ್ಲಿ ಜಾಗ ಸಿಕ್ಕಿತು. ಭಾರತ ಸೋತಿತು. ಮರುವರ್ಷ, 2003ರಲ್ಲಿ, ಬೋಪಣ್ಣ ವೃತ್ತಿಪರ ಆಟಗಾರರಾದರು. ಆಗ ವಯಸ್ಸು ಇಪ್ಪತ್ಮೂರು.

ಇಲ್ಲಿಂದ ಮುಂದಿನ ಐದು ವರ್ಷಗಳನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಟೆನಿಸ್‌ನ ಏಣಿ ಹೇಗಿದೆ ಅಂತ ಸ್ವಲ್ಪ ನೋಡಬೇಕು.

ಆಗ ತಳದ ಮೆಟ್ಟಿಲಲ್ಲಿ ಫ್ಯೂಚರ್ಸ್ ಟೂರ್ನಿಗಳಿದ್ದವು. ಒಟ್ಟು ಬಹುಮಾನವೇ ಹತ್ತು ಅಥವಾ ಹದಿನೈದು ಸಾವಿರ ಡಾಲರ್. ಅದನ್ನು ಎಲ್ಲ ಆಟಗಾರರಿಗೂ ಹಂಚಬೇಕು. ಹತ್ತು ಸಾವಿರದ ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವನಿಗೇ ಸಿಗುತ್ತಿದ್ದದ್ದು 1,300 ಡಾಲರ್. ವಿಮಾನ, ವಸತಿ, ಊಟ, ಕಿತ್ತುಹೋಗುವ ರ‍್ಯಾಕೆಟ್ ತಂತಿ, ಸವೆಯುವ ಬೂಟು, ಎಲ್ಲ ಖರ್ಚೂ ಅವನದೇ. ಅದರ ಮೇಲಿನ ಮೆಟ್ಟಿಲು ಚಾಲೆಂಜರ್, ಅದರ ಮೇಲೆ ಎಟಿಪಿ ಟೂರ್ನಿಗಳು, ಎಲ್ಲಕ್ಕಿಂತ ಮೇಲೆ ನಾಲ್ಕು ಗ್ರ್ಯಾಂಡ್ ಸ್ಲ್ಯಾಮ್. ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್‌ನಲ್ಲಿ 128 ಜನ ಆಡುತ್ತಾರೆ, ರ‍್ಯಾಂಕಿನ ಬಲದ ಮೇಲೆ ನೇರ ಪ್ರವೇಶ ಸಿಗುವುದು ಸುಮಾರು ಮೊದಲ ನೂರು ಜನಕ್ಕೆ. ಉಳಿದವರಲ್ಲಿ ಹೆಚ್ಚಿನವರು ಅರ್ಹತಾ ಸುತ್ತಿನಲ್ಲಿ ಗೆದ್ದೇ ಒಳಗೆ ಬರಬೇಕು.

ಇನ್ನೊಂದು ಸಂಕಟವಿದೆ. ರ‍್ಯಾಂಕಿನ ಪಾಯಿಂಟುಗಳು ಐವತ್ತೆರಡು ವಾರ ಮಾತ್ರ ಬಾಳುತ್ತವೆ. ಕಳೆದ ವರ್ಷ ಈ ವಾರ ಗಳಿಸಿದ್ದು ಈ ವರ್ಷ ಈ ವಾರಕ್ಕೆ ಉದುರಿ ಹೋಗುತ್ತದೆ. ನಮ್ಮ ಕಡೆ ಕಬ್ಬು ಒಮ್ಮೆ ನೆಟ್ಟರೆ ಕಡಿದ ಮೇಲೂ ಕೂಳೆ ಬೆಳೆ ಬರುತ್ತದೆ. ಟೆನಿಸ್‌ನಲ್ಲಿ ಕೂಳೆ ಇಲ್ಲ. ಪ್ರತಿ ವರ್ಷ ಹೊಸದಾಗಿಯೇ ನಡಬೇಕು.

ಈ ಏಣಿಯಲ್ಲಿ ಬೋಪಣ್ಣ ಸಿಂಗಲ್ಸ್‌ನಲ್ಲಿ ಏರಿದ ಅತಿ ಎತ್ತರದ ಮೆಟ್ಟಿಲು 213. 2007ರ ಜುಲೈನಲ್ಲಿ. ಆಗ ಅವರಿಗೆ ಇಪ್ಪತ್ತೇಳು. ಇಡೀ ಜಗತ್ತಿನಲ್ಲಿ 213ನೆಯವನು ಅಂದರೆ ಸಣ್ಣ ಮಾತಲ್ಲ. ಬೇರೆ ಯಾವ ಕಸುಬಿನಲ್ಲಾದರೂ ಊರಲ್ಲಿ ಹಾರ ಹಾಕಿ ಮೆರವಣಿಗೆ ಮಾಡುತ್ತಿದ್ದರು. ಟೆನಿಸ್‌ನಲ್ಲಿ ಮಾತ್ರ ಅದು ಗ್ರ್ಯಾಂಡ್ ಸ್ಲ್ಯಾಮ್ ಬಾಗಿಲ ಹೊರಗೆ ನಿಲ್ಲುವ ಜಾಗ. ಸಿಂಗಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್‌ನ ಮುಖ್ಯ ಸುತ್ತು ಅವರಿಗೆ ಕೊನೆಗೂ ಸಿಗಲೇ ಇಲ್ಲ.

ಅಲ್ಲಿಗೆ ಕಥೆ ಮುಗಿದಿದ್ದರೆ ಇಂದು ನಾನು ಇದನ್ನು ಬರೆಯುತ್ತಿರಲಿಲ್ಲ, ನೀವು ಓದುತ್ತಿರಲಿಲ್ಲ. ಮುಗಿಯಲಿಲ್ಲ, ಯಾಕೆಂದರೆ ಅದೇ ಅಂಗಳದಲ್ಲಿ ಇನ್ನೊಂದು ಆಟವಿತ್ತು, ಡಬಲ್ಸ್. ಆರಡಿ ಮೂರಂಗುಲ ದಾಟುವ ಎತ್ತರ, ಭಾರೀ ಸರ್ವ್. ಸಿಂಗಲ್ಸ್‌ನಲ್ಲಿ ಇಡೀ ಅಂಗಳವನ್ನು ಒಬ್ಬನೇ ಓಡಿ ಕಾಯಬೇಕು. ಡಬಲ್ಸ್‌ನಲ್ಲಿ ಜೊತೆಗಾರನಿರುತ್ತಾನೆ, ಒಳ್ಳೆಯ ಸರ್ವ್‌ಗೆ ಬೆಲೆ ಹೆಚ್ಚು, ನೆಟ್ ಬಳಿ ನಿಂತವನ ಕೈಚಳಕಕ್ಕೆ ಬೆಲೆ ಹೆಚ್ಚು. 2006ರ ಅಕ್ಟೋಬರ್‌ನಲ್ಲೇ ಅದರ ಸುಳಿವು ಸಿಕ್ಕಿತ್ತು. ಮುಂಬೈನ ಎಟಿಪಿ ಟೂರ್ನಿಯಲ್ಲಿ ಮುಸ್ತಫಾ ಘೌಸ್ ಜೊತೆ ಫೈನಲ್ ತನಕ ಹೋದರು. ಎದುರಿಗಿದ್ದವರು ಮಹೇಶ್ ಭೂಪತಿ ಮತ್ತು ಕ್ರೊಯೇಷಿಯಾದ ಮಾರಿಯೋ ಆಂಚಿಚ್. ಸೋತದ್ದು ಕೊನೆಯ ಟೈಬ್ರೇಕ್‌ನಲ್ಲಿ, ಹತ್ತು-ಎಂಟರಿಂದ.

2007ರಲ್ಲಿ ಚಾಲೆಂಜರ್ ಟೂರ್ನಿಗಳಲ್ಲಿ ಗೆಲುವು ಬರತೊಡಗಿದವು. ಜೊತೆಗಾರ ಯಾರು ಗೊತ್ತೇ? ಲಾಹೋರಿನ ಐಸಾಮ್-ಉಲ್-ಹಕ್ ಖುರೇಶಿ. ಇಬ್ಬರೂ ಹುಟ್ಟಿದ್ದು ಒಂದೇ ತಿಂಗಳು, 1980ರ ಮಾರ್ಚ್. ಖುರೇಶಿಯ ತಾತ ದೇಶ ವಿಭಜನೆಗೆ ಮುಂಚಿನ ಹೆಸರಾಂತ ಟೆನಿಸ್ ಆಟಗಾರ. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಎರಿಕ್ ಬುಟೋರಾಕ್ ಜೊತೆ ಬೋಪಣ್ಣ ಮೊದಲ ಎಟಿಪಿ ಪ್ರಶಸ್ತಿ ಗೆದ್ದರು. ಲೆಕ್ಕ ಹಾಕಿ ನೋಡಿ. ಹನ್ನೊಂದಕ್ಕೆ ಶುರು ಮಾಡಿದ ಹುಡುಗನಿಗೆ ಆಗ ಇಪ್ಪತ್ತೆಂಟು. ಮೊದಲ ದೊಡ್ಡ ಫಲಕ್ಕೆ ಹದಿನೇಳು ವರ್ಷ!

ಆಮೇಲೆ ಬಂದದ್ದು 2010. ಫೆಬ್ರವರಿಯಲ್ಲಿ ಖುರೇಶಿ ಜೊತೆ ಜೋಹಾನ್ಸ್‌ಬರ್ಗ್‌ನಲ್ಲಿ ಪ್ರಶಸ್ತಿ. ಸೆಪ್ಟೆಂಬರ್‌ನಲ್ಲಿ ಯು.ಎಸ್. ಓಪನ್ ಫೈನಲ್. ಅಮೆರಿಕದ ಬ್ರಯಾನ್ ಅವಳಿ ಸೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ಗೆ ಹೋಗಿ ಸೋತರು. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಎಂಬುದು ಈ ಜೋಡಿಯ ಘೋಷಣೆಯಾಗಿತ್ತು. ಆ ಫೈನಲ್ ನೋಡಲು ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕೂತಿದ್ದರು.

ಅದಾಗಿ ಹತ್ತು ದಿನವೂ ಆಗಿರಲಿಲ್ಲ, ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಮೊದಲ ದಿನ ಭಾರತ ಎರಡೂ ಸಿಂಗಲ್ಸ್ ಸೋತಿತು. ಬೋಪಣ್ಣ ಐದು ಸೆಟ್ ಕಾದಾಡಿ ಸೋತರು. ಡಬಲ್ಸ್‌ನಲ್ಲಿ ಪೇಸ್-ಭೂಪತಿ ಗೆದ್ದರು. ಸೋಮದೇವ್ ಎದುರು ಬೆಲುಚ್ಚಿ ಅರ್ಧಕ್ಕೇ ಆಟ ಬಿಟ್ಟಾಗ ಎರಡು-ಎರಡು ಸಮವಾಯಿತು. ಉಳಿದದ್ದು ಐದನೇ ಪಂದ್ಯ, ಅದೂ ಸಿಂಗಲ್ಸ್, ಆಡಬೇಕಾದವರು ಬೋಪಣ್ಣ. ರಿಕಾರ್ಡೊ ಮೆಲೊ ಎಂಬಾತನನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಭಾರತವನ್ನು ವಿಶ್ವ ಗುಂಪಿನಲ್ಲಿ ಉಳಿಸಿದರು. ಯಾವ ಸಿಂಗಲ್ಸ್ ತನಗೆ ದಕ್ಕಲಿಲ್ಲವೋ ಅದರಲ್ಲೇ ಬಂದ ಗೆಲುವು! ಐದು ವರ್ಷ ಯಾರೂ ನೋಡದ ಅಂಗಳಗಳಲ್ಲಿ ಆಡಿದ್ದು ಎಲ್ಲಿಗೆ ಹೋಗುತ್ತದೆ ಹೇಳಿ?

ಇದನ್ನೆಲ್ಲ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಓಣಿಯ ರೈತರೊಬ್ಬರ ಮಗಳು ಬಸ್ ಹತ್ತಿ ಬೆಳಗಾವಿಗೆ ಹೋಗಿ ಟೆನಿಸ್ ಕಲಿಯುತ್ತಾಳೆ. ಅವರು ಒಮ್ಮೆ ಕೇಳಿದರು: "ಎರಡ ವರ್ಷ ಆತ್ರೀ ಸರ. ಇನ್ನೂ ಒಂದ ಕಪ್ ಮನೀಗೆ ಬಂದಿಲ್ಲ. ಬಿಡಸಬೇಕೇನ್ರೀ?"

ಬೋಪಣ್ಣನ ಕಥೆ ಹೇಳಿ, ಬಿಡಿಸಬೇಡಿ, ನಿಮ್ಮ ಮಗಳೂ ಹಾಗೇ ಆಗುತ್ತಾಳೆ ಅಂತ ಹೇಳುವುದು ಸುಲಭ. ಹಾಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. 213ರ ಮೇಲೂ ಕೆಳಗೂ ಇದ್ದ ಎಷ್ಟೋ ಜನ ಎಲ್ಲೂ ಮುಟ್ಟದೆ ಆಟ ಬಿಟ್ಟಿದ್ದಾರೆ. ಅವರೂ ಸೌದೆ ಒಡೆದಿರಬಹುದು, ಅವರೂ ಓಡಿರಬಹುದು. ಬೋಪಣ್ಣನ ಬೆನ್ನಿಗೆ ಮನೆಯಿತ್ತು, ತೋಟವಿತ್ತು, ತಡೆದುಕೊಳ್ಳುವ ತಂದೆ ಇದ್ದರು. ಒಬ್ಬ ರೈತ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬರುವುದನ್ನು ಕಾಯುತ್ತ ಕೂತಿರುವಾಗ, ಹದಿನೇಳು ವರ್ಷ ಕಾಯಿರಿ ಅನ್ನುವುದಕ್ಕೆ ನಾನ್ಯಾರು?

ಆದರೆ ಒಂದು ಮಾತು ಹೇಳಿದೆ. ಎರಡು ವರ್ಷದ ಕಪ್ಪು ಲೆಕ್ಕಕ್ಕೇ ಬರುವುದಿಲ್ಲ. ಈ ಆಟದಲ್ಲಿ ಅದನ್ನು ಅಳತೆಗೋಲು ಮಾಡಿಕೊಂಡಿದ್ದರೆ ಬೋಪಣ್ಣನನ್ನು 2005ರಲ್ಲೇ ಮನೆಗೆ ಕರೆಸಿಕೊಳ್ಳಬೇಕಿತ್ತು. ಬಿಡಿಸುವುದಾದರೆ ದುಡ್ಡಿನ ಕಾರಣಕ್ಕೆ ಬಿಡಿಸಿ, ಅದರಲ್ಲಿ ನಾಚಿಕೆಯಿಲ್ಲ. ಕಪ್ಪು ಬರಲಿಲ್ಲ, ನಿನ್ನ ಕೈಲಾಗುವುದಿಲ್ಲ ಅಂತ ಮಾತ್ರ ಆ ಹುಡುಗಿಗೆ ಹೇಳಬೇಡಿ. ಯಾವ ಆಟ ತನ್ನದು ಅಂತ ತಿಳಿಯುವುದಕ್ಕೇ ಒಬ್ಬೊಬ್ಬರಿಗೆ ಅರ್ಧ ಆಯುಷ್ಯ ಬೇಕಾಗುತ್ತದೆ. ಬೋಪಣ್ಣನಿಗೆ ಅದು ಗಟ್ಟಿಯಾಗಿ ತಿಳಿದಾಗ ಇಪ್ಪತ್ತೇಳು ಇಪ್ಪತ್ತೆಂಟು ಆಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ವರ್ಷ ನೋಡೂಣು ತಗೋರಿ" ಅಂದರು.

ನಮ್ಮ ಕಡೆ ಏನೂ ಇಲ್ಲ ಅನ್ನುವಂತೆಯೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲಿ ಇಪ್ಪತ್ತೈದು ಸಾವಿರ ಡಾಲರ್ ಬಹುಮಾನದ ಐಟಿಎಫ್ ಪುರುಷರ ಟೂರ್ನಿ ನಡೆಯಿತು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ದರ್ಜೆಯ ಟೂರ್ನಿ ಗೆದ್ದವನಿಗೆ ಸಿಗುತ್ತಿದ್ದದ್ದು ಇಪ್ಪತ್ತೈದು ಪಾಯಿಂಟು. ಗ್ರ್ಯಾಂಡ್ ಸ್ಲ್ಯಾಮ್ ಗೆದ್ದವನಿಗೆ ಎರಡು ಸಾವಿರ. ನಡುವೆ ಅಷ್ಟು ದೂರವಿದೆ, ಆದರೆ ಏಣಿ ಒಂದೇ. ಅದರ ಕೆಳಗಿನ ಮೆಟ್ಟಿಲು ನಮ್ಮ ಧಾರವಾಡದಲ್ಲಿ ಊರಿತ್ತು.

ಅಂಥ ಟೂರ್ನಿ ಮತ್ತೆ ನಿಮ್ಮ ಹತ್ತಿರದ ಊರಿಗೆ ಬಂದರೆ ಒಂದು ಮಧ್ಯಾಹ್ನ ಹೋಗಿ ಕೂತು ನೋಡಿ, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ. ಹೆಸರು ಗೊತ್ತಿಲ್ಲದ ಆಟಗಾರರೇ ಇರುತ್ತಾರೆ. ಎಲ್ಲರೂ ಇನ್ನೂರಾ ಹದಿಮೂರರ ಆಚೀಚಿನವರು. ಅವರಲ್ಲಿ ಯಾರಿಗೆ ಯಾವ ಆಟ ಕಾದಿದೆಯೋ, ಅವರಿಗೂ ಗೊತ್ತಿರುವುದಿಲ್ಲ.