ಪೊಲೀಸರಿಗೆ ಡಿಗ್ರಿ ಯಾಕೆ? ಒಬ್ಬ ಪೋಸ್ಟ್‌ಮ್ಯಾನ್‌ನಿಂದ ಶುರುವಾದ ಕಥೆ

ಪೊಲೀಸ್ ಕೆಲಸಕ್ಕೆ ಏನು ಬೇಕು ಅಂತ ಯಾರನ್ನಾದ್ರೂ ಕೇಳಿ ನೋಡಿ. ಎತ್ತರ, ಎದೆ ಸುತ್ತಳತೆ, ಓಟ ಅಂತಾರೆ. ಸ್ನಾತಕೋತ್ತರ ಪದವಿ ಬೇಕು ಅಂತ ಯಾರೂ ಹೇಳಲ್ಲ. ಆದ್ರೆ ಅಮೆರಿಕದಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ, ಅಂದ್ರೆ ಎಂಪಿಎ ಓದುವವರು ಕ್ರಿಮಿನಲ್ ಜಸ್ಟೀಸನ್ನೇ ವಿಶೇಷ ವಿಷಯವಾಗಿ ತಗೋಬಹುದು. ಠಾಣೆ, ಕೋರ್ಟು, ಜೈಲು ಇವನ್ನೆಲ್ಲ ನಡೆಸೋದು ಹೇಗೆ ಅನ್ನೋ ಓದು ಅದು. ತಮಾಷೆ ಏನಂದ್ರೆ, ಈ ಓದಿಗೆ ದಾರಿ ಹಾಕಿದ ಮನುಷ್ಯ ಹೈಸ್ಕೂಲನ್ನೂ ಮುಗಿಸಿರಲಿಲ್ಲ.

ಅವರ ಹೆಸರು ಆಗಸ್ಟ್ ವೋಲ್ಮರ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. 1905ರಲ್ಲಿ ಚುನಾವಣೆ ಗೆದ್ದು ಊರಿನ ಮಾರ್ಷಲ್ ಆದರು, 1909ರಲ್ಲಿ ಪೊಲೀಸ್ ಮುಖ್ಯಸ್ಥರಾದರು. ಆಗ ದೊಡ್ಡ ನಗರಗಳಲ್ಲಿ ಪೊಲೀಸ್ ನೌಕರಿ ಸಿಗ್ತಿದ್ದದ್ದು ರಾಜಕಾರಣಿಗಳ ಶಿಫಾರಸಿನ ಮೇಲೆ. ವೋಲ್ಮರ್ ಬೇರೆ ದಾರಿ ಹಿಡಿದರು. ಬೀಟ್ ಪೊಲೀಸರಿಗೆ ಸೈಕಲ್ ಕೊಟ್ಟರು. 1908ರಲ್ಲಿ ಇಲಾಖೆಯೊಳಗೇ ಶಾಲೆ ತೆರೆದರು. 1916ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೊಲೀಸರಿಗಾಗಿ ಬೇಸಿಗೆ ತರಗತಿಗಳು ಶುರುವಾದವು. ಕೊನೆಗೆ ಅವರೇ ಅಲ್ಲಿ ಪ್ರೊಫೆಸರ್ ಆದರು!

ಇದೇ ಹೊತ್ತಿಗೆ ಇನ್ನೊಂದು ಕಡೆ ಆಡಳಿತ ಅನ್ನೋದೇ ಒಂದು ಶಾಸ್ತ್ರವಾಗಿ ಬೆಳೀತಿತ್ತು. 1924ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಸ್ಕೂಲ್ ಶುರುವಾಯ್ತು. ಎರಡು ಹೊಳೆ ಸೇರಿದ್ದು ವೋಲ್ಮರ್ ಅವರ ಶಿಷ್ಯ ಒ. ಡಬ್ಲ್ಯೂ. ವಿಲ್ಸನ್ ಕಾಲದಲ್ಲಿ. 1950ರಲ್ಲಿ ಬರ್ಕ್ಲಿಯಲ್ಲಿ ಸ್ಕೂಲ್ ಆಫ್ ಕ್ರಿಮಿನಾಲಜಿ ಸ್ಥಾಪನೆಯಾದಾಗ ವಿಲ್ಸನ್ ಡೀನ್. ಅದೇ ವರ್ಷ ಪೊಲೀಸ್ ಆಡಳಿತದ ಬಗ್ಗೆ ಅವರ ಪುಸ್ತಕವೂ ಬಂತು.

1960ರ ದಶಕದಲ್ಲಿ ಅಮೆರಿಕದ ನಗರಗಳು ಹೊತ್ತಿ ಉರಿದವು. ಪೊಲೀಸರ ಮೇಲೆ ಕಪ್ಪು ಜನರಿಗಿದ್ದ ಸಿಟ್ಟು ಬೀದಿಗೆ ಬಂತು. 1967ರಲ್ಲಿ ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಆಯೋಗ, ಪೊಲೀಸರಿಗೆ ಕಾಲೇಜು ಪದವಿ ಇರಬೇಕು ಅಂತು. 1968ರ ಕಾಯ್ದೆಯಿಂದ ಸಾಲ, ಸಹಾಯಧನ ಎರಡೂ ಬಂತು. ದುಡ್ಡು ಬಂದ ಮೇಲೆ ಕೇಳಬೇಕಾ? ಊರೂರಲ್ಲಿ ಕೋರ್ಸುಗಳು ಹುಟ್ಟಿಕೊಂಡವು.

ಆದ್ರೆ ಓದಿಸಬೇಕಾದ್ದು ಏನನ್ನ? ಜಗಳ ಬಂದದ್ದೇ ಇಲ್ಲಿ. ಹಲವು ಕೋರ್ಸುಗಳು ಟ್ರೇನಿಂಗ್ ಶಾಲೆಯ ಪಾಠವನ್ನೇ ಕಾಲೇಜಿನ ಹೆಸರಲ್ಲಿ ಹೇಳಿದವು. 1978ರಲ್ಲಿ ಪೊಲೀಸ್ ಶಿಕ್ಷಣದ ಗುಣಮಟ್ಟದ ಬಗ್ಗೆ ಬಂದ ಲಾರೆನ್ಸ್ ಶರ್ಮನ್ ಅವರ ವರದಿ ಇದನ್ನೇ ಟೀಕಿಸಿತು. ಬರ್ಕ್ಲಿಯಲ್ಲಿ ಉಲ್ಟಾ ಆಯ್ತು. ಅಲ್ಲಿನ ಕೆಲವು ಅಧ್ಯಾಪಕರು ಪೊಲೀಸ್ ವ್ಯವಸ್ಥೆಯನ್ನೇ ಪ್ರಶ್ನೆ ಮಾಡೋಕೆ ಶುರು ಮಾಡಿದರು. ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದರೂ 1976ರಲ್ಲಿ ಆ ಶಾಲೆಗೆ ಬೀಗ ಬಿತ್ತು. ವೋಲ್ಮರ್ ಬಿತ್ತಿದ ಜಾಗದಲ್ಲೇ ಬೆಳೆ ಒಣಗಿತು. ಅತ್ತ ನ್ಯೂಯಾರ್ಕಿನಲ್ಲಿ 1960ರ ದಶಕದಲ್ಲಿ ಪೊಲೀಸರಿಗಾಗಿಯೇ ಶುರುವಾದ ಜಾನ್ ಜೇ ಕಾಲೇಜು ಮಾತ್ರ ಎಲ್ಲರಿಗೂ ಬಾಗಿಲು ತೆರೆದು ಬೆಳೀತು. ಇವತ್ತು ಅಲ್ಲಿ ಎಂಪಿಎ ಕೂಡ ಇದೆ.

ಇದರಿಂದ ನಮಗೇನು ಅಂತೀರಾ? ಭಾರತದ ಜೈಲುಗಳಲ್ಲಿರೋ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಖಾಲಿ ಹುದ್ದೆ, ಮುಂದಕ್ಕೆ ಹೋಗೋ ವಾಯಿದೆ, ಕೈದಿಯನ್ನ ಕೋರ್ಟಿಗೆ ಕರ್ಕೊಂಡು ಹೋಗೋಕೆ ಸಿಗದ ಸಿಬ್ಬಂದಿ. ಇದ್ಯಾವುದೂ ಲಾಠಿಯಿಂದ ಸರಿಹೋಗಲ್ಲ. ಇವು ಆಡಳಿತದ ಪ್ರಶ್ನೆಗಳು. ಬಜೆಟ್ ಓದೋಕೆ, ಅಂಕಿಅಂಶ ಅರ್ಥಮಾಡ್ಕೊಳ್ಳೋಕೆ, ಮೇಲಿನವರಿಗೆ ಇಲ್ಲ ಅನ್ನೋಕೆ ಬರೋರು ಬೇಕು.

ಡಿಗ್ರಿ ಒಂದೇ ಯಾರನ್ನೂ ನ್ಯಾಯವಂತರನ್ನಾಗಿ ಮಾಡಲ್ಲ, ಇತಿಹಾಸ ಅದನ್ನೂ ತೋರಿಸಿದೆ. ನೀವು ಇಂಥ ಕೋರ್ಸಿಗೆ ಅರ್ಜಿ ಹಾಕೋದಾದ್ರೆ ಸಿಲಬಸ್ ತೆಗೆದು ಒಂದು ವಿಷಯ ನೋಡಿ: ಇದು ವ್ಯವಸ್ಥೆಯನ್ನ ನಡೆಸೋದನ್ನಷ್ಟೇ ಕಲಿಸುತ್ತಾ, ಅದನ್ನ ಪ್ರಶ್ನೆ ಮಾಡೋದನ್ನೂ ಕಲಿಸುತ್ತಾ? ಎರಡೂ ಇದ್ರೆ ಧೈರ್ಯವಾಗಿ ಸೇರ್ಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ.