ಎಚ್‌ಎಎಲ್: ಕೆಲವೇ ಗ್ರಾಹಕರು, ಒಂದೇ ಎಂಜಿನ್ ಮೂಲ

ಕಂಪನಿಯೊಂದರ ಆದಾಯದ ಬಹುಪಾಲು ಬೆರಳೆಣಿಕೆಯ ಗ್ರಾಹಕರಿಂದ ಬರುವುದು, ಮುಖ್ಯ ಬಿಡಿಭಾಗಗಳು ಒಂದೆರಡು ಪೂರೈಕೆದಾರರಿಂದ ಮಾತ್ರ ದೊರೆಯುವುದು ಉದ್ಯಮದಲ್ಲಿ ದೊಡ್ಡ ಅಪಾಯವೆಂದು ಪರಿಗಣಿತವಾಗಿದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಈ ಎರಡೂ ಬಗೆಯ ಅವಲಂಬನೆಗೆ ನಿದರ್ಶನವಾಗಿದೆ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು 1964ರಲ್ಲಿ ಎಚ್‌ಎಎಲ್ ಆಗಿ ರೂಪುಗೊಂಡಿತು. 2018ರಲ್ಲಿ ಷೇರುಪೇಟೆ ಪ್ರವೇಶಿಸಿತು.

ಗ್ರಾಹಕರು

ವಾಯುಪಡೆ, ಭೂಸೇನೆ, ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆ ಎಚ್‌ಎಎಲ್‌ನ ಪ್ರಮುಖ ಗ್ರಾಹಕರು. ಈ ನಾಲ್ಕೂ ಪಡೆಗಳ ಖರೀದಿಗೆ ಹಣ ಬರುವುದು ಕೇಂದ್ರದ ರಕ್ಷಣಾ ಬಜೆಟ್‌ನಿಂದಲೇ. ಆದ್ದರಿಂದ ಬೇಡಿಕೆ ಖಚಿತವಿದ್ದರೂ ಪಾವತಿ ತಡವಾದರೆ ಸಂಸ್ಥೆಗೆ ಬೇರೆ ದಾರಿಯಿಲ್ಲ. ವಾಯುಪಡೆಯಿಂದ ಬರಬೇಕಿದ್ದ ಬಾಕಿ ಬೆಳೆದಾಗ, ನೌಕರರ ಸಂಬಳಕ್ಕಾಗಿ ಎಚ್‌ಎಎಲ್ ಸುಮಾರು ರೂ. 1,000 ಕೋಟಿ ಬ್ಯಾಂಕ್ ಸಾಲ ಪಡೆದ ಸಂಗತಿ 2019ರ ಜನವರಿಯಲ್ಲಿ ಬೆಳಕಿಗೆ ಬಂದಿತು.

ಪೂರೈಕೆದಾರರು

83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗಾಗಿ 2021ರ ಫೆಬ್ರುವರಿಯಲ್ಲಿ ಸುಮಾರು ರೂ. 48,000 ಕೋಟಿಯ ಒಪ್ಪಂದವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಜಿಇ ಕಂಪನಿಗೆ 99 ಎಫ್-404 ಎಂಜಿನ್‌ಗಳ ಬೇಡಿಕೆ ಸಲ್ಲಿಸಲಾಯಿತು. ಹಿಂದಿನ 65 ಎಂಜಿನ್‌ಗಳನ್ನು 2016ರ ವೇಳೆಗೆ ಪೂರೈಸಿದ್ದ ಜಿಇ, ಹೊಸ ಬೇಡಿಕೆ ಇಲ್ಲದ ಕಾರಣ ಆ ಉತ್ಪಾದನಾ ಘಟಕವನ್ನು ಸ್ಥಗಿತಗೊಳಿಸಿತ್ತು. ಅದನ್ನು ಮತ್ತೆ ಆರಂಭಿಸಿ, ಬಿಡಿಭಾಗ ತಯಾರಕರನ್ನು ಸಜ್ಜುಗೊಳಿಸುವಷ್ಟರಲ್ಲಿ ಗಡುವು ಮೀರಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. 2024ರ ಮಾರ್ಚ್ ಅಂತ್ಯದೊಳಗೆ ಆರಂಭವಾಗಬೇಕಿದ್ದ ವಿಮಾನ ಹಸ್ತಾಂತರ ಹಿಂದೆ ಬಿದ್ದಿತು.

ವಿಮಾನದ ಒಡಲಿನ ವಿಷಯ ಹಾಗಲ್ಲ. ರೆಕ್ಕೆಗಳನ್ನು ಕೊಯಮತ್ತೂರಿನ ಎಲ್ ಅಂಡ್ ಟಿ, ಮಧ್ಯಭಾಗವನ್ನು ಹೈದರಾಬಾದ್‌ನ ವೆಮ್ ಟೆಕ್ನಾಲಜೀಸ್, ಹಿಂಭಾಗವನ್ನು ಬೆಂಗಳೂರಿನ ಆಲ್ಫಾ ಟೋಕಾಲ್ ಪೂರೈಸುತ್ತಿವೆ. ಆದರೆ ವಿನ್ಯಾಸವನ್ನೇ ಬದಲಿಸದೆ ಎಂಜಿನ್ ಬದಲಿಸಲಾಗದು. ತೇಜಸ್‌ಗೆಂದು ಬೆಂಗಳೂರಿನ ಜಿಟಿಆರ್‌ಇ ಅಭಿವೃದ್ಧಿಪಡಿಸಿದ ಕಾವೇರಿ ಎಂಜಿನ್, ಬೇಕಾದಷ್ಟು ನೂಕುಬಲ ನೀಡಲಿಲ್ಲ.

ಪರಿಣಾಮ

2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಬಳಿಕ, ಮಂಜೂರಾದ 42 ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಪೈಕಿ ವಾಯುಪಡೆಯಲ್ಲಿ ಉಳಿದದ್ದು 29. ಅದೇ ತಿಂಗಳು ಇನ್ನೂ 97 ಮಾರ್ಕ್-1ಎಗಳಿಗೆ ರೂ. 62,000 ಕೋಟಿಗೂ ಮಿಕ್ಕಿದ ಒಪ್ಪಂದವಾಯಿತು. ನವೆಂಬರ್‌ನಲ್ಲಿ ಜಿಇಗೆ ಮತ್ತೆ 113 ಎಂಜಿನ್‌ಗಳ ಬೇಡಿಕೆ ಹೋಯಿತು.

ಮಾರಿಷಸ್, ಗಯಾನಾ ಮುಂತಾದ ದೇಶಗಳಿಗೆ ಎಚ್‌ಎಎಲ್ ಡಾರ್ನಿಯರ್-228 ವಿಮಾನಗಳನ್ನು ರಫ್ತು ಮಾಡಿದೆ. ಆದರೂ ಒಟ್ಟು ವಹಿವಾಟಿನಲ್ಲಿ ರಫ್ತಿನ ಪಾಲು ಅಲ್ಪ. ವಾಯುಪಡೆ ಎಚ್‌ಎಎಲ್‌ಗಾಗಿ, ಎಚ್‌ಎಎಲ್ ಜಿಇಗಾಗಿ ಕಾಯುವ ಈ ಸರಪಳಿಯ ಕೊನೆಯಲ್ಲಿ, ವಿಮಾನ ಜೋಡಣೆಯ ವೇಗವನ್ನೇ ನೆಚ್ಚಿದ ಬಿಡಿಭಾಗ ತಯಾರಿಕೆಯ ಸಣ್ಣ ಉದ್ದಿಮೆಗಳೂ ಇವೆ.