ವಾಕಿಟಾಕಿ: ಯುದ್ಧಭೂಮಿಯಿಂದ ದುಗ್ಗಮ್ಮನ ಜಾತ್ರೆವರೆಗೆ

ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಹೋದವರು ಪೊಲೀಸರ ಕೈಯಲ್ಲಿ ಗರಗರ ಎನ್ನುವ ವಾಕಿಟಾಕಿ ನೋಡಿಯೇ ಇರುತ್ತಾರೆ. ಇದು ಬೆಳೆದದ್ದು ಎರಡನೇ ಮಹಾಯುದ್ಧದಲ್ಲಿ. ಮುಂದೆ ಮೊಟೊರೊಲಾ ಎಂದು ಹೆಸರಾದ ಅಮೆರಿಕದ ಕಂಪನಿ ಸೈನಿಕರಿಗೆ ಎರಡು ಬಗೆಯ ಸೆಟ್ ಮಾಡಿಕೊಟ್ಟಿತು. ಬೆನ್ನಿಗೆ ಹೊರುವುದು ವಾಕಿಟಾಕಿ, ಕೈಯಲ್ಲಿ ಹಿಡಿಯುವುದು ಹ್ಯಾಂಡಿಟಾಕಿ. ಕೈಸೆಟ್ಟೇ ಎರಡು ಕೆ.ಜಿ. ದಾಟುತ್ತಿತ್ತು, ಮಾತು ಮುಟ್ಟುತ್ತಿದ್ದುದು ಸುಮಾರು ಒಂದು ಮೈಲಿ. ಕೊನೆಗೆ ವಾಕಿಟಾಕಿ ಎಂಬ ಹೆಸರು ಕೈಸೆಟ್ಟಿಗೇ ಉಳಿಯಿತು.

ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. 2018ರಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆದರೆ ಆನ್‌ಲೈನ್‌ನಲ್ಲಿ ಬೇರೆ ಫ್ರೀಕ್ವೆನ್ಸಿಯವೂ ಮಾರಾಟವಾದವು. ಅವು ಪೊಲೀಸ್, ತುರ್ತು ಸೇವೆಯ ಮಾತಿಗೆ ಅಡ್ಡ ಬರಬಹುದು. ಅದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರಾಟಕ್ಕೆ ಮಾರ್ಗಸೂಚಿ ತಂದಿತು. ಫ್ರೀಕ್ವೆನ್ಸಿ ಎಷ್ಟು, ಲೈಸೆನ್ಸ್ ಬೇಕೇ ಎಂಬುದನ್ನು ಮಾರುವವರೇ ತಿಳಿಸಬೇಕು.

ಹರಿಹರದಲ್ಲಿ ತುಂಗಭದ್ರೆ ಉಕ್ಕಿ, ಕರೆಂಟ್ ಹೋಗಿ ಮೊಬೈಲ್ ಟವರ್ ನಿಂತರೂ ಸೆಟ್‌ನಿಂದ ಸೆಟ್‌ಗೆ ಮಾತು ಹೋಗುತ್ತದೆ. ಹಾಗಂತ ಲೈಸೆನ್ಸ್ ಬೇಡದ ಸೆಟ್ ಹಿಡಿದು ಹರಿಹರದಿಂದ ದಾವಣಗೆರೆಗೆ ಮಾತಾಡುತ್ತೇನೆ ಅಂದುಕೊಳ್ಳಬೇಡಿ. ಕಟ್ಟಡ, ಮರ ಅಡ್ಡವಿದ್ದಷ್ಟೂ ದೂರ ಕಡಿಮೆ. ಎತ್ತರದ ಬಯಲಲ್ಲಿ ನಿಂತು, ಆಂಟೆನಾ ನೆಟ್ಟಗೆ ಹಿಡಿಯಿರಿ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು, ಚಿಕ್ಕದಾಗಿ ಹೇಳಿ. ಇಬ್ಬರೂ ಒಟ್ಟಿಗೆ ಒತ್ತಿದರೆ ಯಾರ ಮಾತೂ ಸರಿಯಾಗಿ ಕೇಳದು. ಮಾತು ಮುಗಿಸಿ ‘ಓವರ್’ ಅನ್ನುವುದು ಇದಕ್ಕೇ.

ಜಾತ್ರೆ, ಮೆರವಣಿಗೆಗೆಂದು ಸೆಟ್ ಕೊಳ್ಳುವ ಹುಡುಗರು ಮೊದಲು ಫ್ರೀಕ್ವೆನ್ಸಿ ನೋಡಲಿ, ಆಮೇಲೆ ರೇಟು.